ಬರೆಗೊಂದು ತಡೆಗೋಡೆ: ಗುತ್ತಿಗೆ ಕೊಟ್ಟಲ್ಲಿಂದ ಮೊದಲ ಮಳೆಗಾಲದವರೆಗೆ

ಮಡಿಕೇರಿಯಲ್ಲಿರುವ ನಮ್ಮ ಮನೆಯ ಹಿಂಬದಿಗೆ ಸುಮಾರು 10 ಅಡಿ ಎತ್ತರ, 45 ಅಡಿ ಉದ್ದದ ಬರೆಯೊಂದಿದೆ. ಗುಡ್ಡದ ಮಗ್ಗುಲನ್ನು ಕಡಿದು ಮನೆಗೆ ಜಾಗ ಮಾಡಿಕೊಂಡ ಕಾಲದಲ್ಲಿ ಉಳಿದ ಈ ಮಣ್ಣಿನ ಮುಖಕ್ಕೆ ಹಿಂದಿನ ಮಾಲೀಕರು ಗೋಡೆ ಕಟ್ಟಿಸಿರಲಿಲ್ಲ. ಹುಲ್ಲು, ಜರಿಗಿಡಗಳು ಬೆಳೆದು ಹಸಿರಾಗಿದ್ದುದರಿಂದ ಅದು ಗಟ್ಟಿಯಾಗಿಯೇ ಇದೆ ಎಂಬ ನಂಬಿಕೆ ಮನೆಯವರಿಗೆಲ್ಲ ಇತ್ತು. ಪ್ರತಿ ಆಷಾಢದಲ್ಲಿ ಒಂದೆರಡು ಬುಟ್ಟಿಯಷ್ಟು ಜರಿಯುತ್ತಿದ್ದ ಮಣ್ಣು ಒಂದು ಮಳೆಗಾಲದಲ್ಲಿ ಅಡುಗೆಮನೆಯ ಹಿಂದಿನ ಚರಂಡಿಯನ್ನೇ ಮುಚ್ಚಿತು. ಅದೇ ವಾರ ಬರೆಯ ಮೇಲ್ತುದಿಯಲ್ಲಿ, ಅಂಚಿಗೆ ಸಮಾನಾಂತರವಾಗಿ, ಬೆರಳು ತೂರುವಷ್ಟು ಅಗಲದ ಬಿರುಕು ಕಾಣಿಸಿತು. ಅಂಚಿಗೆ ಅಡ್ಡಲಾಗಿ ಬೀಳುವ ಬಿರುಕು ಬಿಸಿಲಿನಿಂದಲೂ ಬರಬಹುದು, ಆದರೆ ಅಂಚಿನ ಉದ್ದಕ್ಕೆ ಸಾಗುವ ಬಿರುಕು ಬರೆಯ ಒಂದು ಹೋಳು ಮುಂದಕ್ಕೆ ಸರಿಯತೊಡಗಿದೆ ಎಂಬುದರ ಸೂಚನೆ. ಆ ಮಳೆಗಾಲ ಮುಗಿಯುವವರೆಗೆ ಬಿರುಕಿಗೆ ಟಾರ್ಪಾಲು ಹೊದಿಸಿ, ಮುಂದಿನ ಬೇಸಿಗೆಯಲ್ಲಿ ತಡೆಗೋಡೆ ಕಟ್ಟಿಸುವುದೆಂದು ತೀರ್ಮಾನಿಸಿದೆವು.

ಕೊಡಗಿನಲ್ಲಿ 2018ರ ಆಗಸ್ಟಿನ ನಂತರ ಬರೆಯನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಆ ವರ್ಷದ ಕುಸಿತಗಳನ್ನು ಪರಿಶೀಲಿಸಿದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಅತಿಯಾದ ಮಳೆಯ ಜೊತೆಗೆ, ಮನೆ ಮತ್ತು ರಸ್ತೆಗಳಿಗಾಗಿ ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ಗುರುತಿಸಿದ್ದರು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ನಮ್ಮ ಕೆಂಪು ಜೇಡಿ ಮಣ್ಣು ಒಣಗಿರುವಾಗ ನೆಟ್ಟಗೆ ಕಡಿದರೂ ನಿಲ್ಲುತ್ತದೆ. ನೆನೆದಾಗ ಅದರ ಅಂಟು ಕಳಚಿಕೊಳ್ಳುತ್ತದೆ, ತೂಕ ಹೆಚ್ಚುತ್ತದೆ. ಆದ್ದರಿಂದ ಇಲ್ಲಿ ತಡೆಗೋಡೆಯ ಮಾತು ಮಣ್ಣಿನಿಂದ ಆರಂಭವಾದರೂ ನೀರಿನಲ್ಲಿಯೇ ಮುಗಿಯಬೇಕು.

ಗುತ್ತಿಗೆದಾರರನ್ನು ಕರೆಯುವ ಮೊದಲು ಒಬ್ಬ ಸಿವಿಲ್ ಎಂಜಿನಿಯರನ್ನು ಕರೆಸಿ ಜಾಗ ತೋರಿಸಿದೆವು. ಅವರಿಗೆ ಕೊಟ್ಟ ಶುಲ್ಕ ಇಡೀ ಕೆಲಸದ ಖರ್ಚಿನಲ್ಲಿ ತೀರ ಸಣ್ಣ ಭಾಗ, ಆದರೆ ಮುಂದಿನ ಎಲ್ಲ ಚೌಕಾಶಿಗೂ ಆಧಾರವಾದದ್ದು ಅವರು ಬರೆದುಕೊಟ್ಟ ಒಂದು ಹಾಳೆಯ ನಕ್ಷೆ. ಅವರು ಬರೆಯನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಬರೆಯ ಮೇಲಿನ ಜಾಗವನ್ನು ನೋಡಿದರು. ಮೇಲಿನ ಮನೆಯವರು ಅಂಚಿನಿಂದ ಸ್ವಲ್ಪವೇ ದೂರದಲ್ಲಿ ಕಾರು ನಿಲ್ಲಿಸುತ್ತಿದ್ದರು. ಅದಕ್ಕಿಂತ ಮುಖ್ಯವಾಗಿ, ಅವರ ಶೌಚಾಲಯದ ಇಂಗುಗುಂಡಿ ನಮ್ಮ ಬರೆಯ ತುದಿಯಿಂದ 8 ಅಡಿ ದೂರದಲ್ಲಿತ್ತು. ಅಂದರೆ ಬೇಸಿಗೆಯಲ್ಲಿಯೂ ಬರೆಯ ಹೊಟ್ಟೆಗೆ ನೀರು ಇಳಿಯುತ್ತಲೇ ಇತ್ತು. ಎಷ್ಟು ಗಟ್ಟಿ ಗೋಡೆ ಕಟ್ಟಿದರೂ ಆ ಗುಂಡಿ ಅಲ್ಲಿಯೇ ಇರುವವರೆಗೆ ಗೋಡೆಯ ಬೆನ್ನು ಒಣಗುವುದಿಲ್ಲ ಎಂದು ಅವರು ಸ್ಪಷ್ಟವಾಗಿ ಹೇಳಿದರು.

ಮೇಲಿನ ಮನೆಯಲ್ಲಿರುವ ಹಿರಿಯರೊಂದಿಗೆ ನಮಗೆ ಮೊದಲಿನಿಂದಲೂ ಒಡನಾಟವಿದ್ದುದರಿಂದ ಆ ಮಾತು ಸುಲಭವಾಯಿತು. "ಅಕ್ಕ, ನಮ್ಮ ಬರೆ ಜರಿದರೆ ಮೊದಲು ಹೋಗುವುದು ನಿಮ್ಮ ಅಂಗಳ" ಎಂದು ನನ್ನ ಹೆಂಡತಿ ಹೇಳಿದ್ದಕ್ಕೆ ಅವರು ಬಿರುಕನ್ನು ತಾವೇ ಬಂದು ನೋಡಿ, ಇಂಗುಗುಂಡಿಯನ್ನು ಮನೆಯ ಇನ್ನೊಂದು ಬದಿಗೆ ಬದಲಾಯಿಸಲು ಒಪ್ಪಿದರು. ಅದರ ಖರ್ಚನ್ನು ಎರಡೂ ಮನೆಯವರು ಹಂಚಿಕೊಂಡೆವು. ಗಡಿಯನ್ನು ಸರ್ವೆ ಮಾಡಿಸಿ, ಕೆಲಸದ ಸಮಯದಲ್ಲಿ ಅವರ ಜಾಗಕ್ಕೆ ಹೋಗಿಬರಲು ಮತ್ತು ಮೇಲ್ಗಡೆ ಚರಂಡಿ ತೋಡಲು ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆದುಕೊಂಡೆವು. ಒಳ್ಳೆಯ ನೆರೆಹೊರೆಯವರ ನಡುವೆಯೂ ಈ ಕಾಗದ ಇರಬೇಕು, ಏಕೆಂದರೆ ಮನೆ ಕೈಬದಲಾಗಬಹುದು, ಗೋಡೆ ಅಲ್ಲಿಯೇ ಇರುತ್ತದೆ.

ದರ ಕೇಳಿದಾಗ ಬಂದ ಉತ್ತರಗಳು ಒಂದಕ್ಕೊಂದು ಹೋಲಿಸಲಾಗದಷ್ಟು ಬೇರೆಯಾಗಿದ್ದವು. ಒಬ್ಬರು ಸಿಮೆಂಟ್ ಬ್ಲಾಕಿನಲ್ಲಿ ಕಟ್ಟಿ ನಡುವೆ ಕಾಂಕ್ರೀಟ್ ಕಂಬ ನಿಲ್ಲಿಸಿದರೆ ಸಾಕೆಂದರು. ಅದು ಕಾಂಪೌಂಡ್ ಗೋಡೆಯ ರೀತಿ. ಎರಡೂ ಬದಿಗೆ ಗಾಳಿ ಇರುವ ಗೋಡೆಗೂ ಒಂದು ಬದಿಗೆ ಗುಡ್ಡ ಇರುವ ಗೋಡೆಗೂ ಇರುವ ವ್ಯತ್ಯಾಸವೇ ಅವರ ಲೆಕ್ಕದಲ್ಲಿರಲಿಲ್ಲ. ಇನ್ನೊಬ್ಬರು ಕಗ್ಗಲ್ಲಿನ ಗೋಡೆಗೆ ಮುಖದ ಚದರ ಅಡಿಯ ಲೆಕ್ಕದಲ್ಲಿ ದರ ಹೇಳಿದರು. ಕೇಳುವುದಕ್ಕೆ ಅಗ್ಗವಾಗಿ ಕಂಡ ಆ ದರದಲ್ಲಿ ಗೋಡೆ ಎಷ್ಟು ದಪ್ಪ ಎಂಬ ಮಾತೇ ಇರಲಿಲ್ಲ. ಮೂರನೆಯವರು ಕಬ್ಬಿಣ ಹಾಕಿದ ಆರ್‌ಸಿಸಿ ಗೋಡೆ ಸೂಚಿಸಿದರು, ಅದು ತೆಳ್ಳಗೆ, ಅಚ್ಚುಕಟ್ಟಾಗಿ ಬರುತ್ತದೆ ಎಂಬುದು ನಿಜ. ನಾಲ್ಕನೆಯವರು ಎಂಜಿನಿಯರ್ ನಕ್ಷೆಯನ್ನು ಕೇಳಿ ಪಡೆದು, ಅದರಂತೆ ಘನ ಅಡಿಗೆ ಇಷ್ಟು ಎಂದು, ಪಾಯ, ಕಲ್ಲುಕಟ್ಟಡ, ಜಲ್ಲಿ, ಪೈಪು, ಮಣ್ಣು ತುಂಬುವ ಕೆಲಸಗಳಿಗೆ ಪ್ರತ್ಯೇಕವಾಗಿ ದರ ಬರೆದುಕೊಟ್ಟರು.

ಆರ್‌ಸಿಸಿ ಗೋಡೆಯನ್ನು ಬಿಟ್ಟ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಅದನ್ನೇ ಎಲ್ಲಕ್ಕಿಂತ ಮೇಲೆಂದು ತಿಳಿಯುತ್ತಾರೆ. ಆರ್‌ಸಿಸಿ ತಡೆಗೋಡೆ ನಿಲ್ಲುವುದು ತನ್ನ ತೂಕದಿಂದಲ್ಲ. ಅದರ ಪಾದದ ಹಿಂಭಾಗ ಗುಡ್ಡದ ಒಳಕ್ಕೆ ಚಾಚಿಕೊಂಡು, ಆ ಚಾಚಿನ ಮೇಲೆ ಕುಳಿತ ಮಣ್ಣಿನ ಭಾರವೇ ಗೋಡೆಯನ್ನು ಹಿಡಿದುಕೊಳ್ಳುತ್ತದೆ. ಹೊಸದಾಗಿ ಮಣ್ಣು ತುಂಬಿ ಎತ್ತರಿಸುವ ಜಾಗದಲ್ಲಿ ಇದು ಒಳ್ಳೆಯ ಉಪಾಯ. ಆದರೆ ಈಗಾಗಲೇ ಬಿರುಕು ಬಿಟ್ಟ ಬರೆಯ ಬುಡದಲ್ಲಿ, ಮೇಲೆ ಇನ್ನೊಬ್ಬರ ಮನೆ ಇರುವಾಗ, ಆ ಪಾದಕ್ಕಾಗಿ ಐದಾರು ಅಡಿ ಒಳಕ್ಕೆ ಅಗೆಯುವುದು ಗೋಡೆ ಕಟ್ಟುವ ಮೊದಲೇ ಗುಡ್ಡವನ್ನು ಕೆಳಕ್ಕೆ ಕರೆದಂತೆ. ನಮ್ಮ ಬರೆ ಮೊದಲೇ ಜರಿದು ಹಿಂದಕ್ಕೆ ವಾಲಿದ್ದರಿಂದ ಅದರ ಮುಂದೆ ದಪ್ಪ ಕಲ್ಲುಗೋಡೆಗೆ ಜಾಗವಿತ್ತು, ಮನೆಯ ಗೋಡೆಗೂ ತಡೆಗೋಡೆಗೂ ನಡುವೆ 5 ಅಡಿ ದಾರಿಯೂ ಉಳಿಯುತ್ತಿತ್ತು. ಹೀಗಾಗಿ ಬುಡದಲ್ಲಿ 6 ಅಡಿ, ತಲೆಯಲ್ಲಿ 2 ಅಡಿ ದಪ್ಪದ, ಮುಂದಿನ ಮುಖ ನೆಟ್ಟಗೂ ಹಿಂದಿನ ಮುಖ ಇಳಿಜಾರಾಗಿಯೂ ಇರುವ ಕಲ್ಲುಗೋಡೆಯನ್ನು ನಿಶ್ಚಯಿಸಿದೆವು. ಇಂಥ ಭಾರದ ಗೋಡೆಗೆ ಬುಡದ ಅಗಲ ಎತ್ತರದ ಅರ್ಧದಿಂದ ಮುಕ್ಕಾಲಿನ ಒಳಗೆ ಇರಬೇಕೆಂಬುದು ಸಾಮಾನ್ಯ ಅಂದಾಜು.

ಎಂಜಿನಿಯರ್ ಹಾಳೆಯಲ್ಲಿದ್ದ ಲೆಕ್ಕವನ್ನು ಸರಳಗೊಳಿಸಿ ಇಲ್ಲಿ ಕೊಡುತ್ತೇನೆ. ಗೋಡೆಯ 1 ಮೀಟರ್ ಉದ್ದಕ್ಕೆ ಕಲ್ಲಿನ ತೂಕ ಸುಮಾರು 8.3 ಟನ್, ಹಿಂದಿನ ಇಳಿಜಾರಿನ ಮೇಲೆ ಕೂರುವ ಮಣ್ಣು 3.2 ಟನ್, ಒಟ್ಟು ಹನ್ನೊಂದೂವರೆ ಟನ್. ಬುಡ ಜಾರದಂತೆ ತಡೆಯುವ ಘರ್ಷಣೆಯನ್ನು ಇದರ ಅರ್ಧ ಎಂದು ಹಿಡಿದರೆ 5.7 ಟನ್ ಆಯಿತು. ಮಣ್ಣು ಒಣಗಿರುವಾಗ 3 ಮೀಟರ್ ಎತ್ತರಕ್ಕೆ ಅದು ತಳ್ಳುವ ಬಲ ಸುಮಾರು 2.7 ಟನ್. ಮೇಲೆ ಕಾರು ನಿಂತರೆ ಇನ್ನೊಂದು ಟನ್ ಸೇರಿ 3.7 ಟನ್, ಆಗಲೂ ತಡೆಯುವ ಬಲ ತಳ್ಳುವ ಬಲದ ಒಂದೂವರೆ ಪಟ್ಟು ಇರುತ್ತದೆ. ಅದೇ ಗೋಡೆಯ ಹಿಂದೆ ತಲೆಯವರೆಗೆ ನೀರು ನಿಂತರೆ, ನೆನೆದ ಮಣ್ಣು ಒಂದೂವರೆ ಟನ್, ನೀರು ನಾಲ್ಕು ಟನ್ನಿಗೂ ಹೆಚ್ಚು, ಒಟ್ಟು 5.9 ಟನ್ ತಳ್ಳುತ್ತದೆ. ಅಂದರೆ ಬೇಸಿಗೆಯಲ್ಲಿ ಎರಡು ಪಟ್ಟು ಭದ್ರವಾಗಿರುವ ಗೋಡೆ ಆಷಾಢದಲ್ಲಿ ಜಾರುತ್ತದೆ. ಕಲ್ಲನ್ನು ಹೆಚ್ಚಿಸಿ ಇದನ್ನು ಗೆಲ್ಲುವುದು ದುಬಾರಿ. ನೀರನ್ನು ನಿಲ್ಲಗೊಡದೆ ಗೆಲ್ಲುವುದಕ್ಕೆ ಕೆಲವು ಪೈಪುಗಳೂ ಒಂದಿಷ್ಟು ಜಲ್ಲಿಯೂ ಸಾಕು. ಎತ್ತರದ ವಿಷಯವೂ ಹೀಗೆಯೇ. ಎತ್ತರ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು, ಗೋಡೆಯನ್ನು ಮಗುಚುವ ಶಕ್ತಿ ಎಂಟು ಪಟ್ಟು ಆಗುತ್ತದೆ. ಆದ್ದರಿಂದ ಪಕ್ಕದವರ 5 ಅಡಿ ಗೋಡೆ ಗಟ್ಟಿಯಾಗಿ ನಿಂತಿದೆ ಎಂಬುದನ್ನು ನೋಡಿ 10 ಅಡಿ ಗೋಡೆಯ ದಪ್ಪವನ್ನು ನಿರ್ಧರಿಸಬಾರದು.

ಈ ಲೆಕ್ಕದಿಂದಲೇ ಕರಾರಿನ ಸ್ವರೂಪವೂ ಹುಟ್ಟಿತು. ತಡೆಗೋಡೆಯಲ್ಲಿ ಮುಖ್ಯವಾದದ್ದೆಲ್ಲ ಮಣ್ಣಿನೊಳಗೆ ಮುಚ್ಚಿಹೋಗುತ್ತದೆ, ಕಣ್ಣಿಗೆ ಕಾಣುವ ಮುಖ ಅದರಲ್ಲಿ ಎಲ್ಲಕ್ಕಿಂತ ಕಡಿಮೆ ಮಹತ್ವದ್ದು. ದರ ಹೇಳಿದವರಲ್ಲಿ ಒಬ್ಬರು, ಬಸಿಯುವ ಪೈಪಿನ ಬಗ್ಗೆ ನಾನು ಹೆಚ್ಚು ಪ್ರಶ್ನೆ ಕೇಳಿದಾಗ, "ಸಾರ್, ಮಣ್ಣು ಮುಚ್ಚಿದ ಮೇಲೆ ಅದನ್ನೆಲ್ಲ ಯಾರು ನೋಡ್ತಾರೆ?" ಎಂದು ನಗುತ್ತಲೇ ಕೇಳಿದರು. ಪ್ರಾಮಾಣಿಕವಾದ ಪ್ರಶ್ನೆ ಅದು. ಉತ್ತರವಾಗಿ ನಾವು ಹಣದ ಕಂತುಗಳನ್ನು ಮುಚ್ಚಿಹೋಗುವ ಹಂತಗಳಿಗೇ ಕಟ್ಟಿದೆವು. ಕೆಲಸ ಆರಂಭಕ್ಕೆ ಶೇ. 10 ಮುಂಗಡ, ಪಾಯದ ಅಗೆತ ಮತ್ತು ಅದರ ತಳಕ್ಕೆ ಹಾಸುವ ಬೆಡ್ ಕಾಂಕ್ರೀಟನ್ನು ಎಂಜಿನಿಯರ್ ನೋಡಿ ಒಪ್ಪಿದ ಮೇಲೆ ಶೇ. 20, ಗೋಡೆ 5 ಅಡಿ ಎದ್ದಾಗ ಶೇ. 25; ಹಿಂಬದಿಯ ಜಲ್ಲಿ ಮತ್ತು ಪೈಪುಗಳನ್ನು ನೀರು ಬಿಟ್ಟು ಪರೀಕ್ಷಿಸಿದ ಮೇಲೆ ಶೇ. 15, ಮಣ್ಣು ತುಂಬಿ, ಮೇಲಿನ ಚರಂಡಿ ಮತ್ತು ಕೋಪಿಂಗ್ (ಗೋಡೆಯ ತಲೆಗೆ ಹಾಕುವ ಹೊದಿಕೆ) ಮುಗಿದಾಗ ಶೇ. 20; ಉಳಿದ ಶೇ. 10 ಒಂದು ಪೂರ್ತಿ ಮಳೆಗಾಲ ಕಳೆದು, ಅಕ್ಟೋಬರ್ ನಡುವಿನ ತುಲಾ ಸಂಕ್ರಮಣದ ನಂತರ. ಯಾವ ಹಂತವನ್ನೂ ನಮಗೆ ತೋರಿಸದೆ ಮುಚ್ಚಿದರೆ, ಅದನ್ನು ಗುತ್ತಿಗೆದಾರರ ಖರ್ಚಿನಲ್ಲಿಯೇ ತೆರೆದು ತೋರಿಸಬೇಕು ಎಂದೂ ಬರೆದೆವು.

ಕೊನೆಯ ಶೇ. 10ರ ವಿಷಯಕ್ಕೆ ಇಬ್ಬರು ಗುತ್ತಿಗೆದಾರರು ಹಿಂದೆ ಸರಿದರು. ಕಲ್ಲು, ಸಿಮೆಂಟಿಗೆ ಕೈಯಿಂದ ಹಣ ಹಾಕುವ ಸಣ್ಣ ಗುತ್ತಿಗೆದಾರರಿಗೆ ಅಷ್ಟು ತಿಂಗಳು ಹಣ ಸಿಕ್ಕಿಕೊಳ್ಳುವುದು ಹೊರೆಯೇ ಹೌದು, ಅವರನ್ನು ದೂರುವಂತಿಲ್ಲ. ನಕ್ಷೆ ಕೇಳಿ ಪಡೆದಿದ್ದ ನಾಲ್ಕನೆಯವರು ಒಂದು ಷರತ್ತಿನ ಮೇಲೆ ಒಪ್ಪಿದರು. ಕಲ್ಲಿನ ಲೋಡು ಬಂದು ಇಳಿದ ದಿನವೇ ಕ್ವಾರಿಯವರ ಬಿಲ್ಲನ್ನು ನಾವು ನೇರವಾಗಿ ಪಾವತಿಸಿ, ಅದನ್ನು ಮುಂದಿನ ಕಂತಿನಲ್ಲಿ ಕಳೆದುಕೊಳ್ಳಬೇಕು ಎಂಬುದು ಅವರ ಬೇಡಿಕೆ. ಇದು ಎರಡೂ ಕಡೆಗೆ ಅನುಕೂಲವಾಯಿತು. ಬಂದ ಕಲ್ಲಿನ ಪ್ರಮಾಣ ನಮ್ಮ ಕೈಯಲ್ಲಿಯೇ ದಾಖಲಾಯಿತು.

ಅಳತೆಯ ವಿಧಾನವನ್ನೂ ಕರಾರಿನಲ್ಲಿ ಚಿತ್ರ ಸಹಿತ ಬರೆಯಬೇಕು. ಬುಡದ 6 ಅಡಿಯನ್ನೇ ಹಿಡಿದು ಎತ್ತರ, ಉದ್ದಗಳಿಂದ ಗುಣಿಸಿದರೆ 2,700 ಘನ ಅಡಿ ಬರುತ್ತದೆ. ಮೇಲಕ್ಕೆ ಹೋದಂತೆ ತೆಳ್ಳಗಾಗುವ ಗೋಡೆಯ ಸರಾಸರಿ ದಪ್ಪ 4 ಅಡಿ, ಆದ್ದರಿಂದ ನಿಜವಾದ ಪ್ರಮಾಣ 1,800 ಘನ ಅಡಿ. ಒಂಬೈನೂರು ಘನ ಅಡಿಯ ಈ ಅಂತರದ ಮೇಲೆ ಎಷ್ಟೋ ಮನೆಗಳಲ್ಲಿ ಕೊನೆಯ ಬಿಲ್ಲಿನ ಜಗಳ ನಡೆಯುತ್ತದೆ. ನಕ್ಷೆಯಲ್ಲಿಲ್ಲದ ಕೆಲಸ ಬಂದರೆ ಯಾವ ದರ, ಯಾರ ಸಹಿಯ ಮೇಲೆ ಮಾಡಬೇಕು ಎಂಬುದನ್ನೂ ಸೇರಿಸಿದೆವು.

ಕೆಲಸದ ಕಾಲವನ್ನು ಆರಿಸುವುದು ಕೊಡಗಿನಲ್ಲಿ ಅಂದುಕೊಂಡಷ್ಟು ಸುಲಭವಲ್ಲ. ಮಳೆಗಾಲದಲ್ಲಿ ಇಳಿಜಾರು ಅಗೆಯುವುದು ಬುದ್ಧಿವಂತಿಕೆಯಲ್ಲ, ಜಿಲ್ಲಾಡಳಿತವೂ ಆ ತಿಂಗಳುಗಳಲ್ಲಿ ಮಣ್ಣು ಅಗೆಯುವುದಕ್ಕೆ ನಿರ್ಬಂಧ ಹೇರುವುದುಂಟು. ನವೆಂಬರ್-ಡಿಸೆಂಬರಿನಲ್ಲಿ ಬರುವ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ನಂತರ ನೆಲ ಒಣಗುತ್ತದೆ, ಆದರೆ ಆಗ ಕಾಫಿ ಕುಯ್ಲು ಆರಂಭವಾಗಿ ಕೂಲಿಯವರು ಸಿಗುವುದಿಲ್ಲ. ಮಾರ್ಚ್, ಏಪ್ರಿಲಿನಲ್ಲಿ ಹೂಮಳೆ ಬರುತ್ತದೆ. ಕಾಫಿ ತೋಟದವರು ಅದಕ್ಕಾಗಿ ಕಾದರೆ, ಪಾಯ ತೋಡಿಟ್ಟವರು ಅದಕ್ಕೆ ಹೆದರುತ್ತಾರೆ. ಫೆಬ್ರವರಿಯಲ್ಲಿ ಅಗೆತ, ಏಪ್ರಿಲ್ ಒಳಗೆ ಗೋಡೆ, ಮೇ ತಿಂಗಳಲ್ಲಿ ಮಣ್ಣು ತುಂಬುವುದು ಎಂದು ಹೊಂದಿಸಿಕೊಂಡೆವು.

ಮೊದಲ ದಿನ ಮಾಡಿದ್ದು ಬಿರುಕಿನ ಮುಂದಿನ ಸಡಿಲ ಮಣ್ಣನ್ನು ಮೇಲಿನಿಂದ ಇಳಿಸಿದ್ದು. ಬುಡದಲ್ಲಿ ಜನ ನಿಂತು ಅಗೆಯುವಾಗ ತಲೆಯ ಮೇಲೆ ಸಡಿಲ ಹೋಳು ಇರಬಾರದು. ಆಮೇಲೆ 45 ಅಡಿಯನ್ನು 9 ಅಡಿಯ ಐದು ತುಂಡುಗಳಾಗಿ ಗುರುತಿಸಿ, ಒಂದು, ಮೂರು, ಐದನೆಯ ತುಂಡುಗಳ ಪಾಯವನ್ನು ಮೊದಲು ತೋಡಿ, ಅವು ನೆಲಮಟ್ಟಕ್ಕೆ ಬಂದ ಮೇಲೆ ನಡುವಿನ ಎರಡನ್ನು ತೋಡಿದೆವು. ಇಡೀ ಉದ್ದವನ್ನು ಜೆಸಿಬಿಯಲ್ಲಿ ಒಂದೇ ದಿನ ತೋಡಿಬಿಡಬಹುದಿತ್ತು, ಗುತ್ತಿಗೆದಾರರಿಗೂ ಅದೇ ಲಾಭ. ಬರೆಯ ಬುಡವನ್ನು ಒಮ್ಮೆಗೇ 45 ಅಡಿ ಬಿಡಿಸುವುದರ ಅಪಾಯ ಗೊತ್ತಿದ್ದ ಮೇಸ್ತ್ರಿ ತಾವಾಗಿಯೇ ತುಂಡುತುಂಡಾಗಿ ತೋಡುವುದನ್ನು ಬೆಂಬಲಿಸಿದರು. ಅಂದಿನಿಂದ ಆ ಮೇಸ್ತ್ರಿಯ ಮೇಲೆ ನಮ್ಮ ವಿಶ್ವಾಸ ಹೆಚ್ಚಿತು.

ಎರಡೂವರೆ ಅಡಿ ಆಳದಲ್ಲಿ ಗಟ್ಟಿ ನೆಲ ಸಿಕ್ಕಿತು, ಮೂರನೆಯ ತುಂಡಿನಲ್ಲಿ ಮಾತ್ರ ನೀರು ಸಿಕ್ಕಿತು. ಫೆಬ್ರವರಿಯಲ್ಲಿ, ಇಂಗುಗುಂಡಿ ಬದಲಾಯಿಸಿದ ಮೇಲೆಯೂ, ಬೆರಳಗಲದ ಒರತೆ ಅದು. ಅದರ ಬಾಯಿಯನ್ನು ಕಾಂಕ್ರೀಟಿನಿಂದ ಮುಚ್ಚಿದರೆ ಆಯಿತು ಎಂದು ಕೆಲಸದವರಲ್ಲಿ ಒಬ್ಬರು ಸೂಚಿಸಿದರು. ಮುಚ್ಚಿದ ಒರತೆ ಸಾಯುವುದಿಲ್ಲ, ಬೇರೆ ಕಡೆ ಬಾಯಿ ಹುಡುಕುತ್ತದೆ; ಹಾಗೆ ಹುಡುಕುವ ಜಾಗ ಗೋಡೆಯ ಬುಡವಾದರೆ ಕೆಲಸ ಕೆಡುತ್ತದೆ. ಎಂಜಿನಿಯರ್ ಹೇಳಿದಂತೆ ಒರತೆಯ ಸುತ್ತ ದಪ್ಪ ಜಲ್ಲಿ ತುಂಬಿ, ತೂತಿರುವ ಪೈಪನ್ನು ಅದರೊಳಗಿಟ್ಟು, ಪಾಯದ ಅಡಿಯಿಂದ ಅದನ್ನು ಮುಂದಿನ ಚರಂಡಿಗೆ ತಂದೆವು. ಮೊದಲೇ ಬರೆದುಕೊಂಡ ದರದಂತೆ ಇದು ಹೆಚ್ಚುವರಿ ಕೆಲಸವಾಗಿ ಲೆಕ್ಕಕ್ಕೆ ಸೇರಿತು, ಚರ್ಚೆ ಬೆಳೆಯಲಿಲ್ಲ. ಪಾಯದ ತಳವನ್ನು ಗುಡ್ಡದ ಕಡೆಗೆ ಸ್ವಲ್ಪ ವಾಲುವಂತೆ ಕಡಿದು, ಅರ್ಧ ಅಡಿ ದಪ್ಪ 1:4:8ರ (ಸಿಮೆಂಟ್, ಮರಳು, ಜಲ್ಲಿ) ಬೆಡ್ ಕಾಂಕ್ರೀಟ್ ಹಾಕಿಸಿದೆವು; ಒಳವಾಲು ಇದ್ದರೆ ಗೋಡೆ ಮುಂದಕ್ಕೆ ಜಾರಲು ಮೇಲಕ್ಕೆ ಹತ್ತಬೇಕಾಗುತ್ತದೆ.

ಕಲ್ಲು ಕುಶಾಲನಗರದ ಕಡೆಯಿಂದ ಲಾರಿಯಲ್ಲಿ ಬಂದಿತು. ಒಂದು ಲೋಡಿನಲ್ಲಿ ಸುತ್ತಿಗೆಯಿಂದ ತಟ್ಟಿದರೆ ಗಣಗಣ ಎನ್ನದೆ ಮಂಕಾಗಿ ಸದ್ದು ಮಾಡುವ, ಅಂಚು ಪುಡಿಯಾಗುವ ಕಲ್ಲು ಹೆಚ್ಚಿತ್ತು, ಅದನ್ನು ಇಳಿಸಿಕೊಳ್ಳಲಿಲ್ಲ. ಕಲ್ಲುಗೋಡೆಯ ಹುಳುಕು ಇರುವುದು ಹೊಟ್ಟೆಯಲ್ಲಿ. ಎರಡೂ ಮುಖಗಳಿಗೆ ಚೆನ್ನಾದ ಕಲ್ಲು ಜೋಡಿಸಿ, ನಡುವಿನ ಟೊಳ್ಳಿಗೆ ಚೂರುಕಲ್ಲು ಸುರಿದು, ಮೇಲಿಂದ ತೆಳು ಗಾರೆ ಚೆಲ್ಲಿದರೆ ಹೊರಗಿನಿಂದ ಏನೂ ತಿಳಿಯುವುದಿಲ್ಲ. ಒಳಗೆ ಮಾತ್ರ ಅದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ತೆಳು ಗೋಡೆಗಳಾಗಿರುತ್ತದೆ, ಒಂದೆರಡು ಮಳೆಗಾಲದಲ್ಲಿ ಮುಂದಿನ ಮುಖ ಉಬ್ಬಿಕೊಳ್ಳುತ್ತದೆ. ಇದನ್ನು ತಡೆಯಲು ಎರಡು ಮುಖಗಳನ್ನು ಬೆಸೆಯುವ ಉದ್ದ ಕಲ್ಲುಗಳನ್ನು, ಮುಖದ ಪ್ರತಿ ಅರ್ಧ ಚದರ ಮೀಟರಿಗೆ ಒಂದರಂತೆ, ಅಡ್ಡಲಾಗಿ ಹಾಕಿಸಿದೆವು. ಆರಡಿ ದಪ್ಪಕ್ಕೆ ಒಂದೇ ಕಲ್ಲು ಸಿಗುವುದಿಲ್ಲವಾದ್ದರಿಂದ ಅರ್ಧ ಅಡಿಯಾದರೂ ಒಂದರ ಪಕ್ಕಕ್ಕೊಂದು ಹಾಯುವಂತೆ ಎರಡು ಮೂರು ಕಲ್ಲುಗಳ ಸರಣಿ ಇಡಬೇಕು. ಇಂಥ ಕಲ್ಲುಗಳ ತಲೆಗೆ ಮುಂದಿನ ಮುಖದಲ್ಲಿ ಬಣ್ಣದ ಗುರುತು ಹಾಕಿಸಿದ್ದು ಎಣಿಕೆಗೆ ಬಹಳ ಉಪಯೋಗವಾಯಿತು. ಗಾರೆ 1:5 (ಒಂದು ಪಾಲು ಸಿಮೆಂಟಿಗೆ ಐದು ಪಾಲು ಮರಳು), ಕಲ್ಲನ್ನು ನೆನೆಸಿಯೇ ಇಡುವುದು, ದಿನಕ್ಕೆ 3 ಅಡಿಗಿಂತ ಹೆಚ್ಚು ಎತ್ತರ ಏರಿಸದಿರುವುದು, ಕನಿಷ್ಠ ಒಂದು ವಾರ ನೀರುಣಿಸುವುದು ಇವೆಲ್ಲ ಎಲ್ಲರಿಗೂ ಗೊತ್ತಿರುವ ವಿಷಯಗಳು. ಮೂರನೆಯ ಮತ್ತು ನಾಲ್ಕನೆಯ ತುಂಡಿನ ನಡುವೆ ಬುಡದಿಂದ ತಲೆಯವರೆಗೆ ನೆಟ್ಟಗಿನ ಒಂದು ಸಂದನ್ನು ಬಿಟ್ಟೆವು, ಗೋಡೆ ಅಲ್ಪಸ್ವಲ್ಪ ಕುಳಿತರೆ ಬಿರುಕು ಅಲ್ಲಿಯೇ ಬರಲಿ ಎಂಬ ಉದ್ದೇಶದಿಂದ.

ಬಸಿಯುವ ತೂತುಗಳ ವಿಷಯಕ್ಕೆ ಬಂದರೆ, ಮಡಿಕೇರಿಯ ರಸ್ತೆ ಬದಿಯ ತಡೆಗೋಡೆಗಳ ಮುಂದೆ ಮಳೆಗಾಲದಲ್ಲಿ ನಡೆದು ನೋಡುವುದೇ ಒಳ್ಳೆಯ ಪಾಠ. ಸಾಲುಸಾಲಾಗಿ ಪೈಪಿನ ಬಾಯಿಗಳಿದ್ದರೂ ಕೆಲವು ಗೋಡೆಗಳಲ್ಲಿ ಒಂದರಿಂದಲೂ ನೀರು ಬರುವುದಿಲ್ಲ, ಅದೇ ಹೊತ್ತಿನಲ್ಲಿ ಕಲ್ಲಿನ ಸಂದಿಗಳಿಂದ ನೀರು ಒಸರುತ್ತಿರುತ್ತದೆ. ಅಡಿಯುದ್ದದ ಪೈಪಿನ ತುಂಡನ್ನು ಮುಂದಿನ ಮುಖಕ್ಕೆ ಸಿಕ್ಕಿಸಿ, ಹಿಂದೆ ಗಾರೆ ತುಂಬಿದರೆ ಹೀಗಾಗುತ್ತದೆ. ನಮ್ಮ ಗೋಡೆಯಲ್ಲಿ ಮೂರು ಸಾಲು, ಸಾಲಿನಲ್ಲಿ ಒಂದೂವರೆ ಮೀಟರಿಗೊಂದರಂತೆ, ಮೇಲಿನ ಸಾಲಿನ ತೂತು ಕೆಳಗಿನ ಎರಡರ ನಡುವೆ ಬರುವಂತೆ ಇಡಬೇಕಿತ್ತು. ಗೋಡೆ ಬುಡದಲ್ಲಿ ದಪ್ಪವಿರುವುದರಿಂದ ಕೆಳಸಾಲಿನ ಒಂದೊಂದು ಪೈಪೂ ಐದೂವರೆ ಅಡಿಗೆ ಕಡಿಮೆ ಇರುವಂತಿಲ್ಲ. ಮೂರು ಸಾಲಿಗೂ ಸೇರಿ ನೂರು ಅಡಿಗೂ ಮೀರಿ 3 ಇಂಚಿನ ಪೈಪು ಬೇಕು. ಅಂಗಡಿಯಿಂದ ಬಂದ ಪೈಪಿನ ಉದ್ದವನ್ನು ಅಳೆದರೆ ಒಳಗೆ ಎಷ್ಟು ಹೋಗಿದೆ ಎಂಬುದು ತಾನಾಗಿ ತಿಳಿಯುತ್ತದೆ. ಪ್ರತಿ ಪೈಪೂ ಹೊರಕ್ಕೆ ಸ್ವಲ್ಪ ಇಳಿಜಾರಾಗಿರಬೇಕು, ಹಿಂದಿನ ಬಾಯಿಗೆ ಬಲೆ ಕಟ್ಟಬೇಕು, ಗಾರೆ ಹಾಕುವಾಗ ಎರಡೂ ಬಾಯಿಗೆ ಗೋಣಿಚೀಲದ ಬಿರಡೆ ತುರುಕಬೇಕು. ಆ ಬಿರಡೆಗಳನ್ನು ತೆಗೆಯಲು ಮರೆಯುವವರೂ ಉಂಟು.

ಗೋಡೆಯ ಬೆನ್ನಿಗೆ ಒಂದು ಅಡಿ ದಪ್ಪದ ಜಲ್ಲಿಯ ಪದರ ಬುಡದಿಂದ ಹೆಚ್ಚುಕಡಿಮೆ ತಲೆಯವರೆಗೂ ಬರುತ್ತದೆ. ಜಲ್ಲಿಗೂ ಮಣ್ಣಿಗೂ ನಡುವೆ ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆಯನ್ನು ಹೊದಿಸಬೇಕು. ಇದಿಲ್ಲದಿದ್ದರೆ ನಮ್ಮ ಜೇಡಿ ಮಣ್ಣು ಕೆಲವೇ ಮಳೆಗಾಲದಲ್ಲಿ ಜಲ್ಲಿಯ ಸಂದುಗಳನ್ನೆಲ್ಲ ತುಂಬಿಬಿಡುತ್ತದೆ. ಸಿಮೆಂಟ್ ಚೀಲಗಳನ್ನು ಹೊಲಿದು ಹಾಕಿದರೆ ನಡೆಯುತ್ತದೆ ಎಂಬ ಸಲಹೆ ಬಂದಿತು, ಅದನ್ನು ಒಪ್ಪಲಿಲ್ಲ. ಜಲ್ಲಿಯ ತಳದಲ್ಲಿ ತೂತಿರುವ 4 ಇಂಚಿನ ಪೈಪನ್ನು ನೂರಕ್ಕೆ ಒಂದರ ಇಳಿಜಾರಿನಲ್ಲಿ ಗೋಡೆಯ ಉದ್ದಕ್ಕೂ ಮಲಗಿಸಿ, ಕೊನೆಯಲ್ಲಿ ಹೊರಕ್ಕೆ ತೆಗೆದು, ಇನ್ನೊಂದು ತುದಿಯನ್ನು ಮೇಲಕ್ಕೆ ತಂದು ಮುಚ್ಚಳ ಹಾಕಿದೆವು. ಮುಂದೆ ಕಟ್ಟಿಕೊಂಡರೆ ಆ ಬಾಯಿಯಿಂದ ನೀರು ಬಿಟ್ಟು ತೊಳೆಯಬಹುದು.

ಮಣ್ಣು ತುಂಬುವ ಮೊದಲು ಹಿಂಬದಿಗೆ ಹೋಸ್ ಪೈಪಿನಲ್ಲಿ ನೀರು ಬಿಟ್ಟು, ಒಂದೊಂದು ತೂತನ್ನೂ ನೋಡಿದೆವು. ಎರಡು ಬಾಯಿಗಳಿಂದ ನೀರು ಬರಲಿಲ್ಲ. ಒಂದರಲ್ಲಿ ಬಿರಡೆ ಉಳಿದಿತ್ತು, ಇನ್ನೊಂದರಲ್ಲಿ ಗಾರೆ ಹೊಕ್ಕು ಗಟ್ಟಿಯಾಗಿತ್ತು, ಅದನ್ನು ಕಬ್ಬಿಣದ ಸರಳಿನಿಂದ ಒಡೆದು ತೆಗೆದರು. ಶೇ. 15ರ ಕಂತು ಈ ಪರೀಕ್ಷೆಗೆ ಕಟ್ಟಿದ್ದುದರಿಂದ ಗುತ್ತಿಗೆದಾರರು ಸ್ವತಃ ನಿಂತು ಮಾಡಿಸಿದರು. ಅದರ ಮರುವಾರವೇ ಹೂಮಳೆ ಜೋರಾಗಿ ಸುರಿಯಿತು, ಇನ್ನೂ ಮುಚ್ಚದ ಬೆನ್ನಿಗೆ ಮೇಲಿಂದ ಕೆಸರು ಇಳಿಯದಂತೆ ಟಾರ್ಪಾಲು ಎಳೆದು ಮರಳು ಚೀಲ ಇಡಬೇಕಾಯಿತು. ಮಣ್ಣು ತುಂಬಿದ್ದು ಮುಕ್ಕಾಲು ಅಡಿಯ ಪದರಗಳಲ್ಲಿ, ಪ್ರತಿ ಪದರವನ್ನೂ ಕೈಯಲ್ಲಿ ಹಿಡಿಯುವ ಯಂತ್ರದಿಂದ ದಮ್ಮಸ್ಸು ಮಾಡಿ. ಭಾರಿ ರೋಲರನ್ನು ಗೋಡೆಯ ಹತ್ತಿರ ತರಬಾರದು, ಹೊಸ ಗೋಡೆಯನ್ನು ಅದೇ ಮುಂದಕ್ಕೆ ದೂಡುತ್ತದೆ. ಎಲ್ಲಕ್ಕಿಂತ ಮೇಲಿನ ಒಂದು ಅಡಿಗೆ ಮಾತ್ರ ಜೇಡಿಯನ್ನೇ ಬಿಗಿಯಾಗಿ ಕೂರಿಸಿ, ಮಳೆನೀರು ಒಳಗಿಳಿಯದೆ ಹರಿದುಹೋಗುವಂತೆ ಮಾಡಿದೆವು. ಅದರ ಹಿಂದೆ ಸಿಮೆಂಟಿನ ಚರಂಡಿ, ಅದರಾಚೆ ಲಾವಂಚದ ಸಾಲು. ಲಾವಂಚದ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ, ಪಕ್ಕಕ್ಕೆ ಹರಡಿ ಗೋಡೆಯನ್ನು ತಳ್ಳುವುದಿಲ್ಲ.

ಜೂನ್ ಎರಡನೆಯ ವಾರ ಕೆಳಸಾಲಿನ ತೂತುಗಳು ಹರಿಯಲಾರಂಭಿಸಿದವು, ಜುಲೈಯಲ್ಲಿ ನಡುಸಾಲೂ ಸೇರಿತು. ಮೇಲಿನ ಸಾಲು ಇಡೀ ಮಳೆಗಾಲ ಒಣಗಿಯೇ ಇತ್ತು. ನಾವು ಬಯಸಿದ್ದೂ ಅದನ್ನೇ, ಏಕೆಂದರೆ ನೀರಿನ ಮಟ್ಟ ಗೋಡೆಯ ಅರ್ಧಕ್ಕಿಂತ ಮೇಲೇರಿಲ್ಲ ಎಂಬುದು ಅದರಿಂದ ತಿಳಿಯಿತು. ಮೊದಲ ಕೆಲವು ದಿನ ನೀರು ಕೆಂಪಾಗಿತ್ತು, ಆಮೇಲೆ ತಿಳಿಯಾಯಿತು. ಕೆಂಪು ನೀರು ನಿಲ್ಲದೆ ಬರುತ್ತಿದ್ದರೆ ಒಳಗಿನ ಮಣ್ಣು ತೊಳೆದುಹೋಗುತ್ತಿದೆ ಎಂದು ಅರ್ಥ. ಒರತೆಯ ಪೈಪು ಮಾತ್ರ ಬೇಸಿಗೆಯ ಅಂದಾಜಿಗಿಂತ ಬಹಳ ಹೆಚ್ಚು ನೀರು ತಂದು ಮುಂದಿನ ಚರಂಡಿಯನ್ನು ತುಂಬಿಸಿತು. ಗೋಡೆಯ ತಲೆಗೂ ಮನೆಯ ಗೋಡೆಗೂ ಮೊಳೆ ಹೊಡೆದು ಅವುಗಳ ನಡುವಿನ ದೂರವನ್ನು ಮೇ ತಿಂಗಳಲ್ಲಿಯೇ ಅಳೆದು ಬರೆದಿಟ್ಟಿದ್ದೆವು. ಆಗಸ್ಟ್ ಕೊನೆಗೆ ನಡುಭಾಗದಲ್ಲಿ 3 ಮಿಲಿಮೀಟರ್ ಕಡಿಮೆಯಾಗಿತ್ತು, ನಂತರ ಬದಲಾಗಲಿಲ್ಲ. ಈ ಎತ್ತರದ ಗೋಡೆ ಮಣ್ಣಿನ ಭಾರ ಹೊತ್ತುಕೊಳ್ಳುವಾಗ ಕೆಲವು ಮಿಲಿಮೀಟರ್ ಮುಂದೆ ಬರುವುದು ಸಹಜ, ವರ್ಷವರ್ಷವೂ ಮುಂದುವರಿದರೆ ಮಾತ್ರ ಎಂಜಿನಿಯರನ್ನು ಕರೆಯಬೇಕು.

ತುಲಾ ಸಂಕ್ರಮಣ ಕಳೆದ ವಾರ ಗುತ್ತಿಗೆದಾರರು, ಎಂಜಿನಿಯರ್ ಇಬ್ಬರೂ ಬಂದರು. ಬಿಟ್ಟ ಸಂದಿನ ಪಕ್ಕದಲ್ಲಿ ಕೋಪಿಂಗಿಗೆ ಕೂದಲೆಳೆಯ ಬಿರುಕು ಬಂದಿತ್ತು, ಏಕೆಂದರೆ ಕೋಪಿಂಗ್ ಹಾಕುವಾಗ ಸಂದನ್ನು ಅಲ್ಲಿ ಮುಂದುವರಿಸಿರಲಿಲ್ಲ. ಅದನ್ನು ಕತ್ತರಿಸಿ ಸರಿಪಡಿಸಿಕೊಟ್ಟ ಮೇಲೆ ಉಳಿದ ಶೇ. 10ನ್ನು ಪಾವತಿಸಿದೆವು. ಮುಂದಿನ ಚರಂಡಿ ಒರತೆಯ ನೀರಿಗೆ ಸಾಲದು ಎಂಬುದು ನಕ್ಷೆಯಲ್ಲಿಯೇ ಇದ್ದ ಕೊರತೆಯಾದ್ದರಿಂದ ಅದನ್ನು ಅಗಲ ಮಾಡಿಸುವ ಖರ್ಚು ನಮ್ಮದೇ, ಬರುವ ಬೇಸಿಗೆಗೆ ಅದೇ ಮೇಸ್ತ್ರಿಗೆ ಹೇಳಿಟ್ಟಿದ್ದೇವೆ.